ನೀಲಗಂಗಮ್ಮನ ಮೂಗಿನ ತೀರ್ಪು

ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ನೀಲಗಂಗಮ್ಮನ ಮೂಗಿಗೆ ಹೆದರದ ಹೆಂಗಸರೇ ಇರಲಿಲ್ಲ. ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ಒಮ್ಮೆ ಉಸಿರೆಳೆದು, “ಹಾಲು ತಳ ಹತ್ಯಾದ” ಎಂದೋ, “ಬ್ಯಾಳಿ ನಿನ್ನೀದು” ಎಂದೋ ಹೇಳಿಬಿಡುವಳು. ಹೇಳಿದ್ದು ಒಂದೂ ಸುಳ್ಳಾಗುತ್ತಿರಲಿಲ್ಲ, ಓಣಿಯವರ ಹೊಟ್ಟೆಯುರಿಗೆ ಅದೇ ಕಾರಣ. ಗಂಡ ತೀರಿಕೊಂಡ ಮೇಲೆ ಮಗ ಅಣವೀರಪ್ಪನನ್ನು ತೊಗರಿ ಅಂಗಡಿಯಲ್ಲಿ ಕೂರಿಸಿ, ಕಮಲಾಪುರದ ಅಂಬಮ್ಮನನ್ನು ಸೊಸೆಯಾಗಿ ತಂದುಕೊಂಡಳು. ಹುಡುಗಿ ಮೆತ್ತಗಿನ ಮಾತಿನವಳು, ಅಡುಗೆಯಲ್ಲಿ ಚುರುಕು. ಮೊದಲ ವರ್ಷವೆಲ್ಲ ಅತ್ತೆ ಸೊಸೆಯನ್ನು ಹೊಗಳಿದ್ದೇ ಹೊಗಳಿದ್ದು.

ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ ನಿಜಾಮರ ಸೀಮೆಗೂ ಆ ಕೆಟ್ಟ ಜ್ವರ ಬಂತು. ಬರೀ ನೆಗಡಿ ಎಂದುಕೊಂಡವರು ವಾರ ಕಳೆಯುವುದರೊಳಗೆ ಮಣ್ಣು ಸೇರಿದರು. ನೀಲಗಂಗಮ್ಮನೂ ಹಾಸಿಗೆ ಹಿಡಿದಳು. ಹೆತ್ತ ಮಗನೇ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದ. ಅಂಬಮ್ಮ ಮಾತ್ರ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದಳು, ಕಫ ಒರೆಸಿದಳು. ಮುದುಕಿ ಉಳಿದದ್ದು ಆ ಹುಡುಗಿಯ ಕೈಯಿಂದ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಕೇಳಬೇಕು.

ಜ್ವರ ಬಿಟ್ಟು ಎದ್ದಾಗ ನೀಲಗಂಗಮ್ಮನ ಮೂಗಿಗೆ ಏನೂ ಹತ್ತುತ್ತಿರಲಿಲ್ಲ. ಉಪ್ಪು, ಖಾರ ನಾಲಿಗೆಗೆ ತಿಳಿಯುತ್ತಿದ್ದವು, ಒಗ್ಗರಣೆಯ ಘಮ ಮಾತ್ರ ಇಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುವುದಿಲ್ಲವೇ? ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಅಡುಗೆಮನೆಯಿಂದ ವಾಸನೆ ಬಂತು. ಬಂದದ್ದು ಕಮಟು ನಾತ, ಹಳೇ ಎಣ್ಣೆಯಲ್ಲಿ ಏನೋ ಸುಟ್ಟ ಹಾಗೆ. ಮೂಗು ಮರಳಿ ಬಂತೆಂದು ಮುದುಕಿ ಹಿಗ್ಗಿದಳು. ಮರಳಿ ಬಂದ ಮೂಗೇ ಕೆಟ್ಟಿರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಒಮ್ಮೆಯೂ ತಪ್ಪದ ಮೂಗು!

ಅಂದಿನಿಂದ ಅಂಬಮ್ಮ ಹುರಿದ ಉಳ್ಳಾಗಡ್ಡಿ ನಾತ, ರೊಟ್ಟಿಗೆ ನೆಂಚಿಕೊಳ್ಳಲು ಕುಟ್ಟಿದ ಶೇಂಗಾ ಹಿಂಡಿ ನಾತ, ಬಿಸಿ ರೊಟ್ಟಿಯೂ ನಾತ. ಹುಡುಗಿ ಪಾತ್ರೆಗಳನ್ನು ಮತ್ತೆ ಮತ್ತೆ ತಿಕ್ಕಿದಳು, ಹೊಸ ಕುಸುಬಿ ಎಣ್ಣೆ ತರಿಸಿದಳು. ಅಣವೀರಪ್ಪ “ಚೊಲೋ ಅದ ಅವ್ವಾ” ಎಂದರೆ, ಹೆಂಡತಿಯ ಪರ ವಹಿಸುತ್ತಾನೆಂದು ಅವನಿಗೂ ಬೈಗುಳ.

ಶ್ರಾವಣ ಸೋಮವಾರ ಮಠದ ಅಯ್ಯನವರು ಪ್ರಸಾದಕ್ಕೆ ಬಂದರು. ಅಂಬಮ್ಮ ಬಡಿಸಿದ ಬದನೆಕಾಯಿ ಪಲ್ಯವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಮನೆಯ ಮರ್ಯಾದೆ ಕಾಯಲು ಪಾಪ, ಹೇಗೋ ನುಂಗುತ್ತಿದ್ದಾರೆ ಎಂದುಕೊಂಡ ನೀಲಗಂಗಮ್ಮನಿಗೆ ತಡೆಯಲಾಗಲಿಲ್ಲ.

“ಬ್ಯಾಡ್ರಿ ಅಯ್ಯಾರ, ನಾರಾಕತ್ತಾದ ಅದು. ಕೈ ತೊಳ್ಯಾದೂ ಕಲಿಸಿಲ್ಲ ಇಕಿಗಿ ಇಕಿ ಅವ್ವ.”

ಉಣ್ಣುತ್ತಿದ್ದ ಜಂಗಮರ ಎದುರು ಆಡುವ ಮಾತೇ ಅದು? ಅಯ್ಯನವರು “ಪ್ರಸಾದ ಚೊಲೋ ಅದವ್ವಾ” ಎಂದರು. ಅದೂ ಮರ್ಯಾದೆಯ ಮಾತೆಂದೇ ಮುದುಕಿ ತಿಳಿದಳು. ಮರುದಿನ ಅಣವೀರಪ್ಪ ಹೆಂಡತಿಯನ್ನು ತವರಿಗೆ ಬಿಟ್ಟುಬಂದ. ನಾಲ್ಕು ದಿನ ಎಂದದ್ದು ಬೇಸಿಗೆಯವರೆಗೂ ಎಳೆಯಿತು, ಕರೆಯಲು ಯಾರೂ ಹೋಗಲಿಲ್ಲ.

ಈಗ ಒಲೆಯ ಮುಂದೆ ನೀಲಗಂಗಮ್ಮನೇ. ಆದರೂ ನಾತ ಹೋಗಲಿಲ್ಲ. ಸೊಸೆಯ ಹೊಲಸು ಗೋಡೆಗೇ ಹಿಡಿದಿದೆ ಎಂದು ಅಡುಗೆಮನೆಗೆ ಸುಣ್ಣ ಹೊಡೆಸಿದಳು. ಮೊಂಡುತನಕ್ಕೂ ಒಂದು ಮಿತಿ ಬೇಡವೇ?

ಒಂದು ಬೆಳಿಗ್ಗೆ ಲಿಂಗಪೂಜೆಗೆಂದು ಅಂಗಳದ ಮಲ್ಲಿಗೆ ಬಿಡಿಸಿದಳು. ತಾನೇ ನೆಟ್ಟ ಬಳ್ಳಿ, ತಾನೇ ಬಿಡಿಸಿದ ಹೂವು. ಅದೂ ಕಮಟು. ಪಕ್ಕದ ಮನೆಯ ಮೆಹರುನ್ನಿಸಾಳನ್ನು ಕರೆದು ಬೊಗಸೆ ಚಾಚಿದಳು.

“ಎಂಥಾ ಖುಷ್ಬೂ ಅದ ಅಕ್ಕಾ!” ಎಂದ ಮೆಹರುನ್ನಿಸಾ, ಮುದುಕಿಯ ಮುಖ ನೋಡಿ ದನಿ ತಗ್ಗಿಸಿದಳು. “ಆ ಬುಖಾರ್ ಬಂದು ಹೋದ ಮ್ಯಾಲ ನಮ್ಮ ಅಣ್ಣಗೂ ಹಿಂಗೇ ಆಗಿತ್ತು. ಗುಲಾಬಿ ಹೂವಿಗೂ ಹೊಲಸು ಅಂತಿದ್ದ.”

ನೀಲಗಂಗಮ್ಮ ಅಲ್ಲೇ ಕುಸಿದು ಕುಳಿತು ಅತ್ತಳು. ಗಂಜಿ ಕುಡಿಸಿದ ಕೈಯನ್ನು ನಾರುವ ಕೈ ಎಂದೆನಲ್ಲ ಎಂದು ಎದೆ ಬಡಿದುಕೊಂಡಳು. ಅಂದೇ ಎತ್ತಿನ ಬಂಡಿ ಕಟ್ಟಿಸಿ ಕಮಲಾಪುರಕ್ಕೆ ಹೊರಟಳು. ಸೊಸೆಯಿಲ್ಲದೆ ತಿರುಗಿ ಬರುವುದಿಲ್ಲ ಎಂದು ಮಗನಿಗೆ ಹೇಳಿದಳು.

ಬಾಳೆತೋಟದ ಪಕ್ಕದ ಮನೆಯಲ್ಲಿ ಬೀಗತಿ ನೀರು ಕೊಟ್ಟಳು, ಮುಖ ಕೊಡಲಿಲ್ಲ. “ಬಂದಾಗಿಂದ ಒಲಿ ಮುಟ್ಟಿಲ್ರಿ ಆಕಿ. ಬರೇ ಕೈ ಮೂಸಿ ನೋಡ್ಕೋತಾಳ,” ಎಂದಳು. ಅಂಬಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು, ಬಹಳ ಸೊರಗಿದ್ದಳು.

“ತಪ್ಪು ನಂದವ್ವಾ. ಜ್ವರದಾಗ ನನ್ನ ಮೂಗು ಕೆಟ್ಟದ. ನಿನ್ನ ಕೈ ಬಂಗಾರದಂಥಾದು. ನಡಿ ಮನಿಗಿ.”

“ಖರೇ ಏನ್ರೀ ಅತ್ತಿ?” ಹುಡುಗಿಯ ಕಣ್ಣಲ್ಲಿ ಆಸೆ ಮೂಡಿತು. “ಹಂಗಾದ್ರ ಕೂಡ್ರಿ, ರೊಟ್ಟಿ ಮಾಡ್ತೀನಿ. ಉಂಡು ಹೋಗೂಣು.”

ಎಷ್ಟೋ ತಿಂಗಳ ಮೇಲೆ ಅಂಬಮ್ಮ ಒಲೆ ಹಚ್ಚಿದಳು. ಬಿಸಿ ರೊಟ್ಟಿ, ಉಳ್ಳಾಗಡ್ಡಿ ಹಾಕಿದ ಪಲ್ಯ ಬಡಿಸಿ ಎದುರಿಗೇ ಕುಳಿತಳು. ಏನಾದರೂ ಆಗಲಿ, ತಾಟು ಖಾಲಿ ಮಾಡಿಯೇ ಏಳಬೇಕೆಂದು ನೀಲಗಂಗಮ್ಮ ಮನಸ್ಸು ಗಟ್ಟಿ ಮಾಡಿದಳು. ಉಸಿರು ಹಿಡಿದು ಮೊದಲ ತುತ್ತು ನುಂಗಿ, ನಕ್ಕಳು. ಎರಡನೇ ತುತ್ತಿಗೆ ಉಸಿರು ಸಾಲಲಿಲ್ಲ. ನಾತ ಒಮ್ಮೆಲೇ ನುಗ್ಗಿತು. ಮುಖ ಕಿವುಚಿತು, ಕೈ ತಾನಾಗಿ ಬಾಯಿಗೆ ಹೋಯಿತು.

ಅಂಬಮ್ಮ ಆ ಮುಖವನ್ನೇ ನೋಡುತ್ತಿದ್ದಳು.

“ಲಿಂಗದ ಆಣಿ ಮಾಡ್ತೀನಿ, ಮೂಗಿಂದೇ ತಪ್ಪು!” ಮುದುಕಿ ಅವಳ ಕೈ ಹಿಡಿಯಲು ಹೋದಳು. ಹುಡುಗಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಸಿಟ್ಟಿರಲಿಲ್ಲ, ಅತ್ತೆಯ ಮೇಲೆ ಕನಿಕರವಿತ್ತು.

“ನನ್ನ ಸಮಾಧಾನಕ್ಕ ನಿಮ್ಮ ಮೂಗಿನ ಮ್ಯಾಲ ತಪ್ಪು ಹಾಕ್ಕೊಂಡು ಇಷ್ಟು ದೂರ ಬಂದ್ರಿ, ಅಷ್ಟೇ ಸಾಕ್ರೀ ಅತ್ತಿ,” ಎಂದು ತಾಯಿಯ ಕಡೆ ತಿರುಗಿದಳು. “ಅವ್ವಾ, ಅತ್ತಿಗಿ ನೀನೇ ಒಂದೀಟು ಅನ್ನ ಮಾಡಿ ಬಡಸು. ಹಸದು ಹೋಗಬಾರ್ದು.”