ಎಡಗಡೆ ಖಾಲಿ ಬಿಟ್ಟ ಹಾಳೆ

ನಮ್ಮ ಯಜಮಾನರು ಹೋದ ಮೇಲೆ ಸರೋಜಿನಿ ನಗರದ ಸರ್ಕಾರಿ ಮನೆ ಖಾಲಿ ಮಾಡಬೇಕಿತ್ತು. ಕಚೇರಿಯವರು ಗಡುವು ಕೊಟ್ಟಿದ್ದರು. ಪಾತ್ರೆಗಳನ್ನು ಮೊದಲು ಕಟ್ಟಿದೆ. ಅವರ ಬಟ್ಟೆ ಮುಟ್ಟಲು ಆಗಲಿಲ್ಲ, ಅದಕ್ಕೇ ಪುಸ್ತಕಗಳಿಗೆ ಕೈ ಹಾಕಿದೆ. ಇಂಗ್ಲಿಷ್ ಕನ್ನಡ ನಿಘಂಟು ಎತ್ತಿದಾಗ ಒಳಗಿಂದ ಒಂದು ಹಾಳೆ ಇಣುಕಿತು.

ಆ ನಿಘಂಟು ನನ್ನದು. ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಮಗಳಿಗೆ ಹೋಂವರ್ಕ್ ಹೇಳಿಕೊಡಲು ಊರಿಂದ ತರಿಸಿಕೊಂಡಿದ್ದೆ. ಅವಳು ಕಾಲೇಜು ಸೇರಿದ ಮೇಲೆ ತೆರೆದಿರಲಿಲ್ಲ. ಹಾಳೆ ಇಟ್ಟಿದ್ದ ಪುಟದಲ್ಲಿ ಹ್ಯಾಬಿಟ್ ಅನ್ನುವ ಪದದ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಹಾಳೆಯ ಮೇಲೆ ಅವರ ಅಕ್ಷರ. ಅಭ್ಯಾಸ, ರೂಢಿ, ವಾಡಿಕೆ, ಪರಿಪಾಠ. ನಾಲ್ಕನ್ನೂ ಬರೆದು ನಾಲ್ಕನ್ನೂ ಹೊಡೆದು ಹಾಕಿದ್ದರು. ಐದನೆಯದು ಚಟ. ಅದನ್ನು ಹೊಡೆದಿರಲಿಲ್ಲ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ. ಎಲ್ಲದರ ಕೆಳಗೆ ಒಂದು ಸಾಲು: ‘ಮನೆಯಲ್ಲಿ ಹೇಳದೇ ಇರುವುದು.’

ಕುಕ್ಕರ್ ಕಟ್ಟಿದ್ದ ಡಬ್ಬದ ಮೇಲೆ ಕುಳಿತುಬಿಟ್ಟೆ. ಅವರ ಕೊನೆಯ ಚಳಿಗಾಲದ ಮಂಗಳವಾರಗಳು ನೆನಪಾದವು. ನಾಲ್ಕು ಮಂಗಳವಾರ ಅವರು ಒಂದೂವರೆ ಗಂಟೆ ತಡವಾಗಿ ಬಂದಿದ್ದರು. ಕೇಳಿದರೆ "ಒಂದು ಅರ್ಜೆಂಟ್ ಫೈಲಿತ್ತು" ಅಂದಿದ್ದರು. ಬಾಯಲ್ಲಿ ಏನೋ ಘಾಟು. ನಾನು ಅವರ ಮಫ್ಲರ್ ಬಿಚ್ಚುವಾಗ ಮುಖ ಅತ್ತ ತಿರುಗಿಸುತ್ತಿದ್ದರು. ಆಗ ಕೇಳಿರಲಿಲ್ಲ. ಅವರು ಹೋದ ಮೇಲೆ ಹದಿನೈದು ದಿನ ಅತ್ತಿದ್ದೆ; ಆ ಹಾಳೆ ನೋಡಿದ ಮೇಲೆ ಅಳು ನಿಂತಿತು. ನನಗೆ ಹೇಳದೆ ಏನೋ ಇಟ್ಟುಕೊಂಡಿದ್ದ ಮನುಷ್ಯನಿಗಾಗಿ ಅತ್ತಿದ್ದೆನೇ ಅಂತ ಕೋಪ ಬಂತು. ಅದು ಏನು ಅಂತ ತಿಳಿಯದೆ ಈ ಮನೆ ಬಿಟ್ಟು ಹೋಗಲಾರೆ ಅನಿಸಿತು.

ಕಚೇರಿಯಲ್ಲಿ ಅವರ ಪಕ್ಕದ ಮೇಜಿನವರಿಗೆ ಫೋನ್ ಮಾಡಿದೆ. "ಲೇಟಾ? ಇಲ್ಲ ಭಾಭೀಜಿ, ಐದೂವರೆಗೆ ಅವರ ಟಿಫಿನ್ ಡಬ್ಬಿ ಸದ್ದಾಯ್ತು ಅಂದ್ರೇನೇ ನಾವೂ ಏಳ್ತಿದ್ದಿದ್ದು" ಅಂದರು. ಅಂದರೆ ಫೈಲು ಸುಳ್ಳು.

ಕೆಳಗಿನ ಮನೆಯಾಕೆ ನಮ್ಮ ಕಡೆಯವರೇ. ರಟ್ಟಿನ ಡಬ್ಬ ಕೊಡಲು ಬಂದಾಗ ಬಾಯಿ ತಡೆಯಲಾರದೆ ಘಾಟಿನ ಮಾತು ಆಡಿದೆ.

"ಮಂಗಳವಾರಾನಾ?" ಅಂತ ಹುಬ್ಬೇರಿಸಿದರು. "ಮಂಗಳವಾರ ಹನುಮಂತನ ದಿನ ಅಂತ ಇಲ್ಲಿ ಕುಡುಕರೂ ಮುಟ್ಟಲ್ಲ ಕಣ್ರೀ. ಅಂಥಾ ದಿನ ಕುಡಿದಿದ್ದಾರೆ ಅಂದ್ರೆ ಚಟ ಜೋರಾಗೇ ಅಂಟಿತ್ತು ಅನ್ನಿ. ಹೋಗ್ಲಿ ಬಿಡಿ, ಹೋದವರ ವಿಷಯ."

ಬಿಡಿ ಅಂದವರೇ ಹೊಸಲ ಮೇಲೆ ಇನ್ನೂ ಅರ್ಧ ಗಂಟೆ ನಿಂತಿದ್ದರು.

ಮಗಳಿಗೆ ಹಾಳೆ ತೋರಿಸಿದೆ. ಕನ್ನಡ ಅವಳು ಅಕ್ಷರ ಕೂಡಿಸಿ ಓದುತ್ತಾಳೆ. "ಛೋಡೋ ನಾ ಅಮ್ಮಾ, ಪಪ್ಪಾ ಕ್ರಾಸ್‌ವರ್ಡ್ ಮಾಡ್ತಿದ್ರೇನೋ" ಅಂದಳು. ಅವಳಿಗೂ ಗೊತ್ತಿದ್ದು ಮುಚ್ಚಿಡುತ್ತಿದ್ದಾಳೆಯೇ ಅಂತ ಅವಳ ಮುಖವನ್ನೇ ನೋಡಿದೆ. ಅವಳು ಹಾಗೇ ಎದ್ದು ಹೋದಳು.

ಆಮೇಲೆ ಬಟ್ಟೆ ಮುಟ್ಟಲು ಕಷ್ಟವಾಗಲಿಲ್ಲ. ಒಂದೊಂದು ಜೇಬನ್ನೂ ಹೊರಕ್ಕೆ ಎಳೆದೆ. ಬಸ್ ಟಿಕೆಟ್ಟು, ಸೋಂಪಿನ ಕಾಳು, ಒಂದು ಗುಂಡಿ. ಚಳಿಗಾಲದ ಕೋಟಿನ ಒಳಜೇಬಿನಲ್ಲಿ ಕಿರುಬೆರಳಿನಷ್ಟು ಗಾಜಿನ ಶೀಶೆ ಸಿಕ್ಕಿತು. ಮುಚ್ಚಳ ತೆಗೆದೆ. ಅದೇ ಘಾಟು, ಸ್ಪಿರಿಟ್ಟಿನದು. ತಳದಲ್ಲಿ ಸಾಬೂದಾನಿಯಂಥ ಬಿಳಿ ಗುಳಿಗೆಗಳು. ಹೋಮಿಯೋಪತಿ ಔಷಧಿ. ಮೇಲಂಟಿಸಿದ ಚೀಟಿಯಲ್ಲಿ ಮುನಿರ್ಕಾ ಬಡಾವಣೆಯ ಒಂದು ವಿಳಾಸ.

ಮರುದಿನ ಹೋದೆ. ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆ. ವಯಸ್ಸಾದ ಡಾಕ್ಟರು ಹಿಂದಿಯಲ್ಲಿ ಮಾತಾಡಿಸಿದರು. ಅವರ ಮೇಲೂ ನನಗೆ ನಂಬಿಕೆಯಿರಲಿಲ್ಲ. ಯಾರು ಅಂತ ಹೇಳದೆ ಶೀಶೆ ಮಾತ್ರ ಮೇಜಿನ ಮೇಲಿಟ್ಟೆ.

"ಕರ್ನಾಟಕದ ಬಾಬೂಜಿ" ಅಂದರು. "ಬರಲೇ ಇಲ್ಲ ಆಮೇಲೆ. ಹೇಗಿದ್ದಾರೆ?"

ನಾನು ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

"ಮೊದಲನೇ ದಿನವೇ ಹೇಳಿದೆ, ಇದು ಎದೆಯ ನೋವು, ನನ್ನ ಗುಳಿಗೆಯಿಂದ ಆಗೋದಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ ಅಂತ. ಮನೆಯವರನ್ನ ಕರ್ಕೊಂಡು ಬನ್ನಿ ಅಂದೆ. ಆಗಲಿ, ಆಗಲಿ ಅಂತಲೇ ಇದ್ರು."

ಕಪಾಟಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಹೋಮಿಯೋಪತಿಯವರು ನಿದ್ದೆ, ಹಸಿವು, ಭಯ ಎಲ್ಲವನ್ನೂ ಕೇಳುತ್ತಾರಲ್ಲ, ಆ ಫಾರಂ. ಎಲ್ಲ ಪ್ರಶ್ನೆಗಳಿಗೂ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದಿದ್ದರು. ಹ್ಯಾಬಿಟ್ಸ್ ಅನ್ನುವ ಜಾಗ ಮಾತ್ರ ಖಾಲಿ.

"ಬೀಡಿ ಇಲ್ಲ, ಕುಡಿತ ಇಲ್ಲ, ಇಲ್ಲ ಅಂತ ಬರೀರಿ ಸಾಕು ಅಂದೆ. ಅವರು ಕೇಳಲಿಲ್ಲ. ಒಂದಿದೆ ಡಾಕ್ಟರ್ ಸಾಹೇಬ್, ಕರಡು ಮಾಡಿ ತರ್ತೀನಿ ಅಂದ್ರು. ಪ್ರತಿ ವಾರ ಅದೇ ಮಾತು, ಇನ್ನೂ ಕರಡಿನಲ್ಲಿದೆ ಅಂತ."

ಮೆಟ್ಟಿಲಿಳಿಯುವಾಗ ಗಿರಣಿಯ ಸದ್ದಿಗೆ ಗೋಡೆ ನಡುಗುತ್ತಿತ್ತು.

ಕರಡಿಲ್ಲದೆ ಅವರು ಏನನ್ನೂ ಬರೆದವರಲ್ಲ. ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆಯ ಅರ್ಧ ಖಾಲಿ ಬಿಟ್ಟು, ಬಲಗಡೆ ಬರೆಯುತ್ತಿದ್ದರು. ಖಾಲಿ ಜಾಗ ಮೇಲಿನ ಸಾಹೇಬರು ತಿದ್ದುವುದಕ್ಕೆ. ನಮ್ಮಪ್ಪನಿಗೆ ಬರೆಯುವ ಕಾಗದವೂ ಹಾಗೇ. ಒಲೆಯ ಮುಂದಿದ್ದ ನನ್ನ ಕೈಗೆ ಕೊಟ್ಟು "ನೋಡಿ ಸಾಹೇಬ್ರೇ" ಅನ್ನುತ್ತಿದ್ದರು. ಕಚೇರಿಯ ಸಾಹೇಬರಿಗೆ ಒಪ್ಪಿಗೆಯಾಗದಿದ್ದರೆ ‘ಬಂದು ಮಾತಾಡಿ’ ಅಂತಷ್ಟೇ ಬರೆದು ಫೈಲು ವಾಪಸ್ ಕಳಿಸುತ್ತಾರೆ ಅಂತ ಅವರೇ ಕಲಿಸಿದ್ದು. ಒಮ್ಮೆ ನನ್ನನ್ನು ಕೇಳದೆ ಬೇಸಿಗೆಗೆ ಊರಿಗೆ ಬರುತ್ತೇವೆ ಅಂತ ಬರೆದಿದ್ದರು. ನಾನು ಎಡಗಡೆ ಅದನ್ನೇ ಬರೆದೆ. ಕೈಕಟ್ಟಿ ಅಡುಗೆಮನೆ ಬಾಗಿಲಲ್ಲಿ ನಿಂತು "ಬಂದಿದೀನಿ ಸಾಹೇಬ್ರೇ, ಬೈರಿ" ಅಂದಿದ್ದರು.

ಮನೆಗೆ ಬಂದು ಹಾಳೆಯನ್ನು ಮತ್ತೆ ನೋಡಿದೆ. ಮಧ್ಯದಲ್ಲಿ ಮಡಿಕೆ ಇತ್ತು. ಎಡಗಡೆಯ ಅರ್ಧ ಖಾಲಿ ಇತ್ತು. ಮೊದಲ ದಿನ ಬರೀ ಪದಗಳನ್ನೇ ನೋಡಿದ್ದೆ. ಕೆಳಗಿನ ಸಾಲು ಫಾರಂನ ಆ ಖಾಲಿ ಜಾಗಕ್ಕೆ ಬರೆದ ಉತ್ತರ; ಮನೆಯಲ್ಲಿ ಹೇಳದೇ ಇರುವುದೇ ಅವರ ಹ್ಯಾಬಿಟ್.

ಕೆಳಗಿನ ಮನೆಯಾಕೆಗೆ ಶೀಶೆ ತೋರಿಸಿದೆ. "ಅಯ್ಯೋ, ನಾನು ಹಾಗಂದ್ನಾ?" ಅಂದರು. ಮಗಳಿಗೂ ಹೇಳಿದೆ. ಅವಳು ನನಗಿಂತ ಹೆಚ್ಚು ಅತ್ತಳು.

ಆದರೂ ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಬೇರೆ ಕಡೆ ತಿರುಗಿದೆ. ಅವರ ನಿಘಂಟು ಕಚೇರಿಯಲ್ಲಿತ್ತು. ನನ್ನದರೊಳಗೆ ಹಾಳೆ ಇಟ್ಟಿದ್ದೇಕೆ? ನಾನು ತೆರೆಯುವುದಿಲ್ಲ ಅಂತ ಬಚ್ಚಿಟ್ಟರೋ, ಒಂದು ದಿನವಾದರೂ ತೆರೆದೇನು ಅಂತ ಕಾದರೋ? ಎಡಗಡೆ ಜಾಗ ಬಿಟ್ಟಿದ್ದು ನನಗಾಗಿಯೋ, ಮೂವತ್ತು ವರ್ಷ ಮಡಚಿದ ಕೈ ತಾನಾಗೇ ಮಡಚಿತೋ? ಆ ನಾಲ್ಕು ವಾರವೂ ಆ ಪುಸ್ತಕದ ಮೇಲಿನ ದೂಳು ಒರೆಸಿದ್ದೆ. ತೆರೆದಿರಲಿಲ್ಲ.

ಮನೆಯ ಬೀಗದ ಕೈ ಒಪ್ಪಿಸುವ ದಿನ ಬೆಳಗ್ಗೆ ಅವರ ಪೆನ್ಸಿಲ್ ಹುಡುಕಿದೆ. ಐದು ಪದಗಳಲ್ಲಿ ಯಾವುದು ಸರಿ ಅಂತ ತಿದ್ದಲು ನನಗೆ ತಿಳಿಯಲಿಲ್ಲ. ಎಡಗಡೆ, ಆ ಕೊನೆಯ ಸಾಲಿಗೆ ಎದುರಾಗಿ, ‘ಬಂದು ಮಾತಾಡಿ’ ಅಂತ ಬರೆದೆ. ಹಾಳೆಯನ್ನು ಅದೇ ಪುಟದಲ್ಲಿಟ್ಟು ನಿಘಂಟನ್ನು ಕೈಚೀಲಕ್ಕೆ ಹಾಕಿಕೊಂಡೆ.