ರಸೀದಿ ಇಲ್ಲದ ಕಂದಾಯ

ಮನೆ ಕಂದಾಯ ಕೇಳಲು ಬಂದವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವುದು ಎಲ್ಲ ಊರಲ್ಲೂ ಇದ್ದದ್ದೇ. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಕಡೆಯ ಒಂದು ಪಂಚಾಯ್ತಿಯ ಬಿಲ್ ಕಲೆಕ್ಟರ್ ಭೀಮರಾಜುವನ್ನು ಮಾತ್ರ ಜನ ಕರೆದು ಜಗಲಿಯ ಮೇಲೆ ಕೂರಿಸುತ್ತಿದ್ದರು. ಪ್ರತಿ ಏಪ್ರಿಲ್‌ನಲ್ಲಿ ರಸೀದಿ ಪುಸ್ತಕದ ಮೊದಲ ಹಾಳೆಯನ್ನು ಅವನು ತನ್ನ ಹೆಸರಿಗೇ ಹರಿಯುತ್ತಿದ್ದ. ತನ್ನ ಆರುನೂರು ರೂಪಾಯಿ ಕಟ್ಟಿ, ಅದನ್ನು ತೋರಿಸಿದ ಮೇಲೆಯೇ ಬೇರೆಯವರ ಹತ್ತಿರ ಬಾಯಿಬಿಡುತ್ತಿದ್ದ. ಇಂಥ ನಿಯತ್ತಿನ ಮನುಷ್ಯ ಆ ಪಂಚಾಯ್ತಿಯಲ್ಲಿ ಇನ್ನೊಬ್ಬನಿರಲಿಲ್ಲ ಎಂದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

2024ರ ಗ್ರಾಮಸಭೆಗೆ ಎರಡು ದಿನ ಮುಂಚೆ ಅವನು ಕರಿಬಸಮ್ಮನ ಮನೆಗೆ ಹೋದ. ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿ ಬದುಕುತ್ತಿದ್ದ ಹೆಂಗಸು. ಅವಳ ಬೀದಿಗೆ ಚರಂಡಿಯಿಲ್ಲ. ಊರಿನ ಕೊಚ್ಚೆಯೆಲ್ಲ ಅವಳ ಹೊಸಿಲ ಮುಂದೆ ನಿಲ್ಲುತ್ತಿತ್ತು. ಮೊಮ್ಮಗಳು ಎರಡು ಸಲ ಜ್ವರ ಬಂದು ಮಲಗಿದ್ದಳು. ಆ ವರ್ಷದ ಕಾಮಗಾರಿ ಪಟ್ಟಿ ಈ ಸಭೆಯಲ್ಲೇ ಮುಗಿಯುವುದಿತ್ತು. ಕೇಳದಿದ್ದರೆ ಇನ್ನೊಂದು ವರ್ಷ ಕೊಚ್ಚೆಯೇ ಗತಿ. ಹಾಗಿದ್ದೂ ಕರಿಬಸಮ್ಮ ಸಭೆಗೆ ಬರುವುದಿಲ್ಲ ಎಂದಳು.

ಹಿಂದಿನ ಸಭೆಯಲ್ಲಿ ಗೊಬ್ಬರದಂಗಡಿಯ ಚನ್ನಮಲ್ಲಯ್ಯ, ಕಂದಾಯ ಕಟ್ಟಿದವರು ಮಾತ್ರ ಮಾತಾಡಿ ಎಂದು ಗದರಿದ್ದ. ಸಿಟ್ಟಿನಲ್ಲಿ ಆಡಿದ ಮಾತನ್ನು ಆ ಬೀದಿಯ ಹೆಂಗಸರೆಲ್ಲ ಕಾನೂನೆಂದೇ ನಂಬಿಬಿಟ್ಟಿದ್ದರು. ಕರಿಬಸಮ್ಮನ ಮನೆಯ ಖಾತೆಯೋ, ಸತ್ತುಹೋದ ಮಾವನ ಹೆಸರಿನಲ್ಲಿತ್ತು. ಕಂದಾಯ ಕಟ್ಟುತ್ತಿದ್ದವನು ಮೈದುನ.

"ನನ್ ಹೆಸ್ರಲ್ಲಿ ಒಂದ್ ಚೀಟೀನೂ ಇಲ್ಲ ಕಣಪ್ಪ. ಪುಕ್ಸಟ್ಟೆ ಅಕ್ಕಿ ತಿನ್ನೋಳು, ಯಾವ ಮಕ ಇಟ್ಕಂಡು ಕೇಳ್ಲಿ?" ಎಂದಳು.

ಆರುನೂರು ಕಟ್ಟಿದರೆ ತನ್ನ ತೆರಿಗೆ ತೀರಿತು ಎಂದು ಭೀಮರಾಜುವೂ ಎಷ್ಟೋ ವರ್ಷ ನಂಬಿದ್ದವನೇ. ಸಂಬಳ ಹದಿನೇಳು ಸಾವಿರ. ಆದಾಯ ತೆರಿಗೆ ಅವನ ಹತ್ತಿರವೂ ಸುಳಿಯುವುದಿಲ್ಲ. ಒಂದು ಸಲ ಹಟ ಹಿಡಿದು ಕೂತು ಲೆಕ್ಕ ಹಾಕಿದಾಗಲೇ ಕಣ್ಣು ತೆರೆದಿತ್ತು. ತಿಂಗಳಿಗೆ ಹಾಕಿಸುವ ಸಾವಿರದೈನೂರರ ಪೆಟ್ರೋಲಿನಲ್ಲೇ ಆರುನೂರು ತೆರಿಗೆ. ಅದರ ಮೇಲೆ ರೀಚಾರ್ಜು, ಗ್ಯಾಸು, ಎಣ್ಣೆ, ಸೋಪು, ಮಕ್ಕಳ ಬಟ್ಟೆ, ಚಪ್ಪಲಿ. ಎಲ್ಲ ಸೇರಿ ಸಾವಿರದ ನೂರರ ಆಸುಪಾಸು, ಅಂದರೆ ತಿಂಗಳಲ್ಲಿ ಎರಡು ದಿನದ ದುಡಿಮೆ. ಅದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದ.

ಆಮೇಲೆ ಅವಳ ಮನೆಯ ಗೂಡಿಗೇ ಕೈ ಹಾಕಿದ. ಸೋಪು, ಟೀಪುಡಿ, ಸಕ್ಕರೆ, ಎಣ್ಣೆ ಪ್ಯಾಕೆಟ್ಟು ಒಂದೊಂದನ್ನೇ ನೆಲದ ಮೇಲಿಟ್ಟು, ಫೋನಿನ ರೀಚಾರ್ಜನ್ನೂ ಸೇರಿಸಿ ಅವುಗಳ ಮೇಲಿನ ತೆರಿಗೆಯನ್ನು ಕೂಡಿದ. ತಿಂಗಳಿಗೆ ಎಪ್ಪತ್ತೈದು, ವರ್ಷಕ್ಕೆ ಒಂಬೈನೂರು.

"ನನ್ ಮನೆ ಕಂದಾಯಕ್ಕಿಂತ ಜಾಸ್ತೀನೇ ಆಯ್ತು ಕಣಮ್ಮ. ಅಂಗ್ಡಿಯವ್ನು ರಸೀದಿ ಕೊಡ್ಲಿಲ್ಲ, ಅಷ್ಟೆ."

ಎರಡು ದಿನದ ಮೇಲೆ ಕರಿಬಸಮ್ಮ ಸಭೆಗೆ ಬಂದಳು. ಅವಳು ಎದ್ದು ನಿಂತದ್ದೇ ತಡ, ಚನ್ನಮಲ್ಲಯ್ಯ ಹಳೇ ಮಾತನ್ನೇ ಶುರು ಮಾಡಿದ. ಅಧ್ಯಕ್ಷರು ಅವನ ಸ್ವಂತ ಅಣ್ಣನ ಮಗ. ಎದುರಾಡಿದ ಬಿಲ್ ಕಲೆಕ್ಟರನ ಕೆಲಸ ಉಳಿಯುವುದು ಕಷ್ಟವೇ. ಆದರೂ ಭೀಮರಾಜು ಎದ್ದ. ಅಷ್ಟರಲ್ಲಿ ಕರಿಬಸಮ್ಮನೇ ಬಾಯಿಬಿಟ್ಟಳು.

"ಒಂದ್ ಸೋಪಿಗೆ ನೀವೆಷ್ಟು ತೆರಿಗೆ ಕಟ್ತೀರೋ ನಾನೂ ಅಷ್ಟೇ ಕಟ್ತೀನಿ ಕಣಣ್ಣ. ನಮ್ ಬೀದಿಗೆ ಚರಂಡಿ ಬೇಕು."

ಭೀಮರಾಜು ಮತ್ತೆ ಕೂತ. ತಾನು ಆಡಬೇಕಿದ್ದ ಮಾತನ್ನು ಅವಳಿಗೇ ಬಿಟ್ಟುಕೊಟ್ಟು ಕೂರುವುದಕ್ಕೂ ದೊಡ್ಡ ಮನಸ್ಸು ಬೇಕು. ಅಂಗಡಿಯ ಬಿಲ್ಲಿಗೆ ದಿನವೂ ತೆರಿಗೆ ಸೇರಿಸುವ ಚನ್ನಮಲ್ಲಯ್ಯ ಆ ಮಾತನ್ನು ಸುಳ್ಳೆನ್ನುವಂತಿರಲಿಲ್ಲ. ಆಮೇಲೆ ತಾನೇ ಕಾರ್ಯದರ್ಶಿಗೆ ಬರೆದುಕೊಳ್ಳಲು ಹೇಳಿದ. ಚರಂಡಿ ಪಟ್ಟಿಗೆ ಸೇರಿತು. ಟೀ ಬಂತೆಂದು ಎಲ್ಲರೂ ಎದ್ದು ಆಚೆ ಹೊರಟರು.

ಕರಿಬಸಮ್ಮ ಮಾತ್ರ, ಪುಸ್ತಕ ಮುಚ್ಚುತ್ತಿದ್ದ ಕಾರ್ಯದರ್ಶಿಯ ಮೇಜಿನ ಮುಂದೆ ನಿಂತೇ ಇದ್ದಳು.

"ಚರಂಡಿ ಯಾವ ತಿಂಗ್ಳಲ್ಲಿ ಕಟ್ತೀರಿ ಅನ್ನೋದ್ನೂ ಬರ್ಕಳಿ ಸಾಮಿ," ಎಂದಳು. "ಬರ್ಯೋಗಂಟ ಇಲ್ಲೇ ಇರ್ತೀನಿ."