ಸಾರು ಉಕ್ಕಿದ ಮಧ್ಯಾಹ್ನ

ಧಾರವಾಡದಿಂದ ಲಂಡನ್ನಿನ ಗ್ರೀನ್‌ಫರ್ಡ್‌ನ ನಮ್ಮ ಬಾಡಿಗೆ ಮನೆಗೆ ಬಂದ ವಾರದಲ್ಲೇ ಅತ್ತೆಗೆ ನೆಗಡಿ ಹಿಡಿಯಿತು. ಮೂಗು ಎಷ್ಟು ಕಟ್ಟಿತ್ತೆಂದರೆ ಕಾಫಿಯೂ ಬಿಸಿನೀರೂ ಒಂದೇ ಎನ್ನುತ್ತಿದ್ದರು. ಖಾರವಾಗಿ ಟೊಮೆಟೊ ಸಾರು ಕುಡಿಯಬೇಕೆಂದರು. ನಾನು ಮಾಡುತ್ತೇನೆ ಎಂದರೆ ಒಪ್ಪಲಿಲ್ಲ.

“ನಿಮ್ಮ ಮೈಸೂರ ಸಾರಿಗೆ ನೆಗಡಿ ಹೆದರೂದಿಲ್ಲ ಬಿಡವಾ. ನಾನ ಮಾಡ್ತೀನಿ. ನೀ ಬರೋಮುಂದ ಇಂಗು ಅಷ್ಟ ತಗೊಂಡು ಬಾ, ಡಬ್ಬಿ ಖಾಲಿ ಆಗೇದ.”

ಅಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಬೆಳಗಿನ ಪಾಳಿ. ವಾಪಸು ಬರುವಾಗ ಟ್ಯೂಬ್ ರೈಲಿನಿಂದ ವೆಂಬ್ಲಿಯಲ್ಲಿ ಇಳಿದು ಇಂಗು ಕೊಂಡು, ಬಸ್ಸು ಹಿಡಿದು ಮೂರರ ಹೊತ್ತಿಗೆ ಮನೆ ಸೇರಿದೆ.

ಬಾಗಿಲು ತೆಗೆದಾಗ ಇಂಗಿನ ವಾಸನೆ ಬಂತು. ಹಿತವೆನಿಸಿತು. ಬೂಟು ಬಿಚ್ಚಿದೆ, ಕೋಟು ನೇತುಹಾಕಿದೆ. ಕೋಟುಗಳಿಗೆ ಒಗ್ಗರಣೆಯ ವಾಸನೆ ಹತ್ತದಿರಲೆಂದು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡೇ ಅಡುಗೆ ಮಾಡುವುದು ನಮ್ಮಲ್ಲಿ ರೂಢಿ. ಅತ್ತೆಗೂ ಅದನ್ನು ನಾನೇ ಹೇಳಿಕೊಟ್ಟಿದ್ದೆ. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬಳ ಮೆಸೇಜು ಬಂತು, ಮುಂದಿನ ವಾರದ ಪಾಳಿ ಬದಲಾಯಿಸಿಕೊಳ್ಳಲಾದೀತೇ ಎಂದು. ಅಲ್ಲೇ ನಿಂತು ಉತ್ತರ ಬರೆದೆ. ಎರಡು ನಿಮಿಷ, ಹೆಚ್ಚೆಂದರೆ ಮೂರು.

ಆಮೇಲೆ ಇಂಗು ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಡಬ್ಬಿಯ ಸೀಲು ಒಡೆದಿರಲಿಲ್ಲ. ಮನೆಯಲ್ಲಿ ಚಿಟಿಕೆ ಇಂಗೂ ಇಲ್ಲವೆಂದು ಆಗ ನೆನಪಾಯಿತು. ಹಾಗಾದರೆ ಈ ವಾಸನೆ ಯಾವುದು?

ಅಡುಗೆಮನೆಯ ಬಾಗಿಲು ತಳ್ಳಿದೆ. ಅತ್ತೆ ಒಲೆಯ ಮುಂದೆ ನಿಂತಿದ್ದರು. ಎಡಗೈಯಲ್ಲಿ ತುಪ್ಪ ಹಾಕಿದ ಒಗ್ಗರಣೆ ಸೌಟು, ಬಲಗೈಯಲ್ಲಿ ಲೈಟರ್. ಹಿಂದಿನ ಬರ್ನರಿನ ಮೇಲಿದ್ದ ಪಾತ್ರೆಯಿಂದ ಸಾರು ಉಕ್ಕಿ ಸುತ್ತ ಕೆಂಪಗೆ ಹರಡಿತ್ತು. ಅದರಡಿ ಉರಿ ಇರಲಿಲ್ಲ. ಗ್ಯಾಸು ಬರುತ್ತಲೇ ಇತ್ತು.

“ಅತ್ತೆ, ಲೈಟರ್ ಒತ್ತಬೇಡಿ.”

“ಯಾಕ? ಬಾಗಲಾ ತಗದ ಸಪ್ಪಳಾತು, ನೀ ಬಂದಿ ಅಂತ ತುಪ್ಪಾ ಕಾಸಲಿಕ್ಕೆ...”

“ಒತ್ತಬೇಡಿ. ನನ್ನ ಕೈಗೆ ಕೊಡಿ.”

“ಒಗ್ಗರಣೀನೂ ನೀನ ಹಾಕಬೇಕೇನು?” ಎಂದು ಮುಖ ಸಿಂಡರಿಸಿ ಕೊಟ್ಟರು.

ಗ್ಯಾಸು ನಿಲ್ಲಿಸಿದೆ, ಹಿಂಬಾಗಿಲು ತೆರೆದೆ, ಅವರ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ದೆ. ಬರೀ ಕಾಲುಚೀಲದಲ್ಲಿ ಒದ್ದೆ ಹುಲ್ಲಿನ ಮೇಲೆ ನಿಂತು ಬೈಯುತ್ತಿದ್ದವರು, ಏನಾಗಿತ್ತೆಂದು ಹೇಳಿದ ಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಸಾರು ಕುದಿಯಲಿಟ್ಟು ಅಡುಗೆಮನೆಗೆ ಹೊಂದಿಕೊಂಡ ಊಟದ ಕೋಣೆಯಲ್ಲಿ ತಮ್ಮ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರಂತೆ. ಸಾರು ಉಕ್ಕಿ ಉರಿ ಆರಿದ್ದು ಗೊತ್ತಾಗಲಿಲ್ಲ. ವಾಸನೆ ಹಿಡಿಯಲು ಮೂಗೂ ಇರಲಿಲ್ಲ. ಉರಿ ಆರಿದರೆ ಗ್ಯಾಸು ತಾನಾಗಿ ನಿಲ್ಲುವ ವ್ಯವಸ್ಥೆ ಆ ಹಳೆಯ ಒಲೆಗಿಲ್ಲವೆಂದು, ನಾನು ಫೋನು ಮಾಡಿ ಕರೆಸಿದ ಗ್ಯಾಸಿನವನು ಹೇಳಿ, ಅದನ್ನು ಬಳಸಬಾರದೆಂದು ಚೀಟಿ ಅಂಟಿಸಿ ಹೋದ.

ಆ ಎರಡು ಮೂರು ನಿಮಿಷಗಳನ್ನು ನಾನು ಇನ್ನೂ ಲೆಕ್ಕ ಹಾಕುತ್ತಿದ್ದೇನೆ. ಮೆಸೇಜಿನಲ್ಲಿ ಇನ್ನೊಂದು ಸಾಲು ಬರೆದಿದ್ದರೆ? ಬರೆಯದೆ ನೇರ ಒಳಗೆ ಹೋಗಿದ್ದರೆ ಅವರು ಲೈಟರ್ ಮುಟ್ಟುವ ಮೊದಲೇ ತಲುಪುತ್ತಿದ್ದೆ. ನಾನು ಬಂದ ಸಪ್ಪಳ ಕೇಳಿಯೇ ಅವರು ಎದ್ದದ್ದು. ಕೆಲಸದ ನಡುವೆ, ಟ್ಯೂಬಿನಲ್ಲಿ, ಹಲ್ಲುಜ್ಜುವಾಗ, ಅವರ ಹೆಬ್ಬೆರಳು ಲೈಟರಿನ ಮೇಲೆ ಕಾಣುತ್ತದೆ.

“ಅವಗ ಹೇಳಬ್ಯಾಡ, ಊರಿಗೆ ಕಳಿಸಿಬಿಡ್ತಾನ” ಎಂದಿದ್ದ ಅತ್ತೆ, ನನ್ನ ಗಂಡ ಕೆಲಸದಿಂದ ಬರುತ್ತಲೇ ತಾವೇ ಎಲ್ಲ ಹೇಳಿಬಿಟ್ಟರು. “ಇಕೀ ಮೂಗು ಭಾಳ ಚುರುಕ ಅದ ನೋಡಪಾ. ಒಳಗ ಕಾಲಿಟ್ಟಕೂಡಲೆ ಗೊತ್ತು ಹಿಡದಳು.”

ಅವನು ನನ್ನ ಕಡೆ ತಿರುಗಿದ. “ಬಂದಕೂಡಲೆ ಗೊತ್ತಾತೇನು?”

“ಹೂಂ. ಬಂದ ತಕ್ಷಣ” ಎಂದೆ.

ಮನೆಯ ಮಾಲೀಕ ಹೊಸ ಗ್ಯಾಸ್ ಒಲೆ ಹಾಕಿಸಿಕೊಟ್ಟಿದ್ದಾನೆ. ಅತ್ತೆಯ ನೆಗಡಿ ಹೋಗಿದೆ, ವಾಸನೆ ಮಾತ್ರ ಪೂರ್ತಿ ಮರಳಿಲ್ಲ. ಅದಕ್ಕೇ ಪ್ರತಿ ಸಲ ಒಲೆ ಹಚ್ಚುವ ಮೊದಲು ಕರೆಯುತ್ತಾರೆ, “ಬಾರವಾ, ಒಮ್ಮೆ ಮೂಸಿ ನೋಡು.” ಹೋಗಿ ಉಸಿರೆಳೆದು, “ಏನಿಲ್ಲ ಅತ್ತೆ” ಎನ್ನುತ್ತೇನೆ. ಅವರು ನಂಬಿ ಒಲೆ ಹಚ್ಚುತ್ತಾರೆ.